ಎಡಪಕ್ಕದ ಜಾಗ

ನಮ್ಮೂರಿನ ಕೆರೆ ಯುಗಾದಿ ಕಳೆದ ಎರಡನೇ ವಾರ ಹೆಪ್ಪುಗಟ್ಟುತ್ತದೆ. ಮೃಗಶಿರ ಮಳೆಯ ಮೊದಲ ಮೋಡ ಕಟ್ಟುವವರೆಗೆ ಹಾಗೇ ಇರುತ್ತದೆ. ದಂಡೆಯ ಮೇಲೆ ಅಂಗಾಲು ಸುಡುವ ಬಿಸಿಲು; ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಕಲ್ಲಿನಂಥ ಮಂಜುಗಡ್ಡೆ. ಆ ಎರಡು ತಿಂಗಳು ಎಮ್ಮೆಗಳನ್ನು ಕೆರೆಯ ಕಡೆ ಬಿಡುವುದಿಲ್ಲ, ಜಾರಿ ಬಿದ್ದರೆ ಎತ್ತುವುದು ಯಾರು. ಹೆಂಗಸರು ಹಾಲಿನ ಪಾತ್ರೆಗಳನ್ನು ದಂಡೆಯಂಚಿನ ಗುಳಿಗಳಲ್ಲಿಟ್ಟು ಮೇಲೊಂದು ಕಲ್ಲು ಹೇರಿ ಬರುತ್ತಾರೆ. ಮದುವೆಗಳನ್ನೆಲ್ಲ ಮಳೆಗಾಲಕ್ಕೆ ದೂಡುತ್ತಾರೆ, ಏಕೆಂದರೆ ಕೆರೆ ಗಟ್ಟಿಯಾದ ಮೇಲೆ ನಮ್ಮೂರಿನವರು ಹಾಕಿಯ ಮಾತು ಬಿಟ್ಟು ಬೇರೆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕೆರೆಯ ನಾಲ್ಕು ದಂಡೆಗೆ ನಾಲ್ಕು ತಂಡ. ಆಡುವವರಿಗೆ ವರ್ಷಪೂರ್ತಿ ಸಂಬಳ; ಆಡುವುದೇ ಅವರ ಕಸುಬು. ಗೋಲಿನ ಬಾಗಿಲು ಕಾಯಲು ಒಬ್ಬ, ಅವನ ಮುಂದೆ ಇಬ್ಬರು, ಅವರ ಮುಂದೆ ಮೂವರು: ನಡುವೆ ಒಬ್ಬ, ಎಡಪಕ್ಕಕ್ಕೊಬ್ಬ, ಬಲಪಕ್ಕಕ್ಕೊಬ್ಬ. ಅಂಗಳದ ಸುತ್ತ ಎದೆಯೆತ್ತರದ ಹಲಗೆಗೋಡೆ ನಿಲ್ಲಿಸಿರುತ್ತಾರೆ. ಈ ಎಡಬಲ ಪಕ್ಕದವರು ಅಲಗಿನ ಬೂಟು ಕಟ್ಟಿಕೊಂಡು ಆ ಗೋಡೆಗುಂಟ ಓಡಬೇಕು, ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ತಳ್ಳಿಕೊಂಡು ಎದುರಿನವರ ಬಾಗಿಲಿಗೆ ಒಯ್ಯಬೇಕು. ಕಲಾಯಿ ಹಾಕುವವರ ಮನೆಯ ಮಾಬೂಸಾಬನಾದ ನಾನು ಮೂಡಲ ದಂಡೆಯ ತಂಡದಲ್ಲಿ ಎಡಪಕ್ಕದವನಾಗಿದ್ದೆ. ಬಲಪಕ್ಕದಲ್ಲಿದ್ದವನು ಯಂಕೋಬ. ಇದು ಅವನ ಕಥೆ. ನಾನಿಲ್ಲದೆ ಇದನ್ನು ಹೇಳಲು ಆಗುವಂತಿದ್ದರೆ ಹಾಗೆಯೇ ಹೇಳುತ್ತಿದ್ದೆ.

ಯಂಕೋಬ ಮಂಚಕ್ಕೆ ನವಾರು ಹೆಣೆಯುವವರ ಮಗ. ಆಳು ಸಣ್ಣ. ಹದಿನೆಂಟಕ್ಕೆ ತಂಡ ಸೇರಿದಾಗ ಇವನನ್ನು ಗಾಳಿಯೇ ಹೊತ್ತೊಯ್ಯುತ್ತದೆ ಎಂದು ಬಡಗಣ ದಂಡೆಯವರು ನಕ್ಕರಂತೆ. ಎರಡು ಪಂದ್ಯ ಆದ ಮೇಲೆ ನಗುವುದು ಬಿಟ್ಟರು. ಎದುರಾಳಿಗೂ ಹಲಗೆಗೂ ನಡುವೆ ಒಂದು ಗೇಣು ಜಾಗ ಕಂಡರೆ ಸಾಕು, ಯಂಕೋಬ ಅದರೊಳಗೆ ನುಸುಳಿ ಆಚೆ ಹೋಗಿರುತ್ತಿದ್ದ. ಹೀಗೆ ಒಂಬತ್ತು ಬೇಸಿಗೆ ಆಡಿದ. ಕೊನೆಯ ಮೂರು ಬೇಸಿಗೆ ಇಡೀ ಕೆರೆಯಲ್ಲಿ ಅವನಷ್ಟು ಗೋಲು ಹೊಡೆದವರಿರಲಿಲ್ಲ. ಎಷ್ಟೋ ಸಲ ಅವನು ಬಲಗಡೆಯಿಂದ ಬಿಲ್ಲೆ ತಂದು ಅಡ್ಡಕ್ಕೆ ತಳ್ಳುತ್ತಿದ್ದ, ಈಚೆ ನಿಂತ ನಾನು ಬರೀ ಕೋಲು ತಾಗಿಸುತ್ತಿದ್ದೆ. ನನ್ನ ಹೆಸರು ನಾಲ್ಕು ದಂಡೆಗೆ ಗೊತ್ತಾದದ್ದು ಹಾಗೆ.

ಅವನ ಹತ್ತನೇ ಬೇಸಿಗೆಯ ಮೂರನೇ ದಿನ. ಪಂದ್ಯವಲ್ಲ, ತಾಲೀಮು. ಮಧ್ಯಾಹ್ನದ ಬಿಸಿಲು ಗಡ್ಡೆಯ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಬಾಗಿಲ ಮುಂದೆ ಬಿಡುವಾಗಿ ಸಿಕ್ಕ ಬಿಲ್ಲೆಯನ್ನು ನಾನು ಮೈ ತಿರುಗಿಸಿ ಹೊಡೆದೆ. ಬಿಲ್ಲೆಗೆ ಬಡಿದ ಕೋಲು ಆ ಬೀಸಿನಲ್ಲೇ ಮೇಲಕ್ಕೆದ್ದಿತು. ಅದರ ತುದಿ ಯಾವುದೋ ಮೆತ್ತನೆಯದಕ್ಕೆ ತಗುಲಿದ್ದು ಅಂಗೈಗೆ ಗೊತ್ತಾಯಿತು. ತಿರುಗಿ ನೋಡಿದರೆ ಯಂಕೋಬ. ಅವನು ಕೂಗಲಿಲ್ಲ. ಎಡಗಣ್ಣಿನ ಮೇಲೆ ಕೈಗವಸು ಒತ್ತಿಕೊಂಡು ಮೆಲ್ಲಗೆ ಗಡ್ಡೆಯ ಮೇಲೆ ಕುಳಿತ. ನಾನು ಎದುರಿಗೆ ಮೊಣಕಾಲೂರಿದಾಗ, “ಬಿಲ್ಲೆ ಒಳಗ ಹೋತೇನು?” ಎಂದು ಕೇಳಿದ. ಹೋಗಿತ್ತು.

ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇಟ್ಟುಕೊಂಡರು. ಕಣ್ಣು ಉಳಿಯಲಿಲ್ಲ. ಆ ಬೇಸಿಗೆ ಬಲಪಕ್ಕಕ್ಕೆ ಪಡುವಣ ದಂಡೆಯಿಂದ ದ್ಯಾಮಣ್ಣ ಎಂಬವನನ್ನು ಕರೆತಂದರು. ಅವನು ಚೆನ್ನಾಗಿಯೇ ಆಡಿದ. ನಾನೂ ಆಡಿದೆ, ಕೋಲು ಮೊಣಕಾಲಿಗಿಂತ ಮೇಲಕ್ಕೆ ಏಳದ ಹಾಗೆ, ಹೆದರಿ ಹೆದರಿ.

ಯಂಕೋಬ ಊರಿಗೆ ಬಂದ ಮೇಲೆ ಅವನ ಮನೆಗೆ ಹೋಗಲು ನನಗೆ ಎಂಟು ದಿನ ಹಿಡಿಯಿತು. ಅವನ ಹೆಂಡತಿ ಹುಲಿಗೆವ್ವ ಬಾಗಿಲು ತೆಗೆದಳು. ಬೈಯುತ್ತಾಳೆ ಎಂದುಕೊಂಡು ಹೋಗಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ನಾನು ಅವನ ಪಕ್ಕ ಕೂರಲು ಹೋದಾಗ ಅವಳು, ಆ ಕಡೆ ಕುಂತರೆ ಕಾಣಿಸುವುದಿಲ್ಲ, ಈ ಕಡೆ ಬನ್ನಿ ಎಂದು ನನ್ನನ್ನು ಅವನ ಬಲಗಡೆಗೆ ಕೂರಿಸಿದಳು. ಯಂಕೋಬ ದ್ಯಾಮಣ್ಣನ ಆಟದ ಬಗ್ಗೆ ಕೇಳಿದ. ನಾನು ಹೇಳಿದೆ. ಚಹಾ ಬಂತು. ತಟ್ಟೆಗೆ ಚಹಾ ಬಗ್ಗಿಸಿಕೊಳ್ಳಲು ಹೋಗಿ ಅವನು ತನ್ನ ತೊಡೆಯ ಮೇಲೆ ಚೆಲ್ಲಿಕೊಂಡ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲವಂತೆ. ಬಾಗಿಲ ಚೌಕಟ್ಟು, ನೀರಿನ ಕೊಡ, ಯಾರದೋ ಭುಜ, ಹೀಗೆ ಎಡಗಡೆ ಇದ್ದದ್ದಕ್ಕೆಲ್ಲ ಡಿಕ್ಕಿ ಹೊಡೆಯುತ್ತಿದ್ದ. ನಾನು ಎದ್ದು ಬರುವಾಗ ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದು, ಬಿಸಿಲೇರುವ ಮುಂಚೆ ಮನೆ ಸೇರಿಕೋ ಎಂದ.

ತಂಡದ ತರಬೇತಿಯ ಹೊಣೆ ಹೊತ್ತಿದ್ದವರು ನಿಂಗನಗೌಡರು. ಒಂದು ಕಾಲದಲ್ಲಿ ಅವರೂ ಬಾಗಿಲ ಮುಂದೆ ನಿಂತು ಆಡಿದವರೇ. ಅವರು ಯಂಕೋಬನ ಮನೆಗೆ ಹೋಗಿ, ಸಂಬಳ ಮೊದಲಿನಂತೆಯೇ ಬರುತ್ತದೆ, ನೀನು ಹೊಸಬರಿಗೆ ಕಲಿಸಿಕೊಂಡು ದಂಡೆಯ ಮೇಲಿದ್ದರೆ ಸಾಕು ಎಂದರು. ಯಂಕೋಬ ಕೇಳಿಸಿಕೊಂಡ. ಒಲ್ಲೆ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಕೆರೆ ಕರಗಿ, ಮಳೆ ನಿಂತು, ದಂಡೆಯಲ್ಲಿ ಹುಲ್ಲು ಬೆಳೆದಿದ್ದ ಹೊತ್ತು. ಒಂದು ಬೆಳಿಗ್ಗೆ ಅವನು ನಮ್ಮ ಓಣಿಗೆ ಬರುವುದನ್ನು ನೋಡಿದೆ. ಎಡಭುಜವನ್ನು ಮನೆಗಳ ಗೋಡೆಗೆ ಉಜ್ಜಿದಂತೆ ಇಟ್ಟುಕೊಂಡು, ಯಾರಿಗೂ ಯಾವುದಕ್ಕೂ ತಾಗದೆ, ಮುಂಚಿನ ವೇಗದಲ್ಲೇ ನಡೆದು ಬರುತ್ತಿದ್ದ. ನಮ್ಮ ಕಲಾಯಿ ಒಲೆಯ ಮುಂದೆ ಬಂದು ನಿಂತ.

“ಗ್ವಾಡಿ ನಿಂತಲ್ಲೇ ನಿಂತಿರ್ತೈತಿ ಮಾಬು,” ಎಂದ. “ಅದನ್ನ ನೋಡೂದು ಬ್ಯಾಡ. ಎಡಕ್ಕ ಗ್ವಾಡಿ ಇದ್ರ ನನಗ ಎರಡು ಕಣ್ಣಿದ್ದಂಗ. ಬಲಪಕ್ಕ ಇನ್ನ ನನ್ನ ಕೈಲಿ ಆಗಂಗಿಲ್ಲ. ಎಡಪಕ್ಕ ಆಡ್ತೀನಿ.”

ಅದು ನನ್ನ ಜಾಗ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ಕ್ಷಣ ನನ್ನೆದೆ ಹಗುರವಾದದ್ದು ಸುಳ್ಳಲ್ಲ. ಋಣ ತೀರಿಸಲು ಕೊನೆಗೂ ದಾರಿ ಸಿಕ್ಕಿತು ಅನ್ನಿಸಿತು. ನಾಳೆಯೇ ಗೌಡರಿಗೆ ಹೇಳಿ ತಂಡ ಬಿಡುತ್ತೇನೆ, ಜಾಗ ನಿನ್ನದು ಎಂದೆ. ಯಂಕೋಬನ ಮುಖ ಬಿಗಿಯಾಯಿತು. ಅವನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ನೀ ಕೊಟ್ರ ಅದು ಕಣ್ಣಿನ ಬದಲಿ ಆಗ್ತೈತಿ,” ಎಂದ. “ನನಗ ಬದಲಿ ಬ್ಯಾಡ, ಜಾಗ ಬೇಕು. ನಾ ನಿನ್ನ ಸೋಲಿಸಿ ತಗೋತೀನಿ. ನೀ ಏನೂ ಉಳಿಸ್ಕೊಳ್ಳದ ಪೂರಾ ಜೋರಿಲೆ ಆಡಬೇಕು. ಅಷ್ಟು ಮಾಡು ಸಾಕು.”

ಅಲ್ಲಿಂದ ಯುಗಾದಿಯವರೆಗೆ ಅವನ ಮನೆಯ ಮುಂದಿನ ಓಣಿ ತಾಲೀಮಿನ ಜಾಗವಾಯಿತು. ಅವನು ಗೋಡೆಗೆ ಎಡಭುಜ ಕೊಟ್ಟು ಕೋಲು ಹಿಡಿದು ನಿಲ್ಲುತ್ತಿದ್ದ, ಹುಲಿಗೆವ್ವ ಬಲಗಡೆಯಿಂದ ಬಟ್ಟೆಯ ಚೆಂಡು ಉರುಳಿಸುತ್ತಿದ್ದಳು. ಮೊದಲ ತಿಂಗಳು ಹತ್ತರಲ್ಲಿ ಒಂದೂ ಕೋಲಿಗೆ ಸಿಗುತ್ತಿರಲಿಲ್ಲ. ಚೆಂಡು ಬಂದು ದಾಟಿ ಹೋದ ಮೇಲೆ ಕೋಲು ಇಳಿಯುತ್ತಿತ್ತು. ನೀರಿಗೆ ಹೋಗುವವರು ಮೊದಮೊದಲು ನಿಂತು ಮರುಗುತ್ತಿದ್ದರು, ಆಮೇಲೆ ಚೆಂಡು ದಾಟಿಕೊಂಡು ತಮ್ಮ ಪಾಡಿಗೆ ತಾವು ಹೋಗತೊಡಗಿದರು. ಬೆಳಗಿನ ಹೊತ್ತು ಯಂಕೋಬ ಅಪ್ಪನ ಕಸುಬಿಗೆ ಕೂತು ಮಂಚಕ್ಕೆ ನವಾರು ಹೆಣೆಯುತ್ತಿದ್ದ. ಪಟ್ಟಿಯನ್ನು ಪಟ್ಟಿಯ ಕೆಳಗೆ ತೂರಿಸುತ್ತ ತೂರಿಸುತ್ತ ಒಂಟಿ ಕಣ್ಣಿಗೆ ಅಳತೆ ಬರುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಕಂಡುಕೊಂಡದ್ದು. ಸಂಕ್ರಾಂತಿಯ ಹೊತ್ತಿಗೆ ಹತ್ತರಲ್ಲಿ ಏಳು ಚೆಂಡು ನಿಲ್ಲಿಸುತ್ತಿದ್ದ. ನಾನೂ ಸುಮ್ಮನಿರಲಿಲ್ಲ. ದಿನಾ ಕೆರೆಯ ಸುತ್ತ ಓಡಿದೆ, ತೊಡೆ ಗಟ್ಟಿ ಮಾಡಿಕೊಂಡೆ. ಅವನು ಕೇಳಿದ್ದು ಅದನ್ನೇ ಅಲ್ಲವೇ.

ಅಷ್ಟರಲ್ಲಿ ಅವನಿಗೊಂದು ಮುಖಜಾಲ ಮಾಡಿದೆ. ತೆಳ್ಳನೆಯ ತಂತಿಯನ್ನು ಬೆಸೆದು, ಮೂಗಿನ ಹತ್ತಿರ ಉಬ್ಬಿಸಿ, ಉಳಿದ ಕಣ್ಣಿನ ಮುಂದೆ ಮಾತ್ರ ಕಿಂಡಿ ಅಗಲ ಮಾಡಿ. ಇದನ್ನೂ ಒಲ್ಲೆ ಎನ್ನುತ್ತಾನೇನೋ ಎಂದು ಅಳುಕುತ್ತಲೇ ಕೊಟ್ಟೆ. ತಿರುಗಿಸಿ ನೋಡಿ, ಕಿವಿಯ ಹತ್ತಿರ ಒತ್ತುತ್ತದೆ, ಸರಿಮಾಡು ಎಂದ. ಸರಿಮಾಡಿಕೊಟ್ಟೆ.

ಕೆರೆ ಗಟ್ಟಿಯಾಗುವ ಮುಂಚಿನ ವಾರ ಗೌಡರು ಪಂಚರನ್ನು ಸೇರಿಸಿದರು. ಒಂಟಿ ಕಣ್ಣಿನವನನ್ನು ಗಡ್ಡೆಗೆ ಇಳಿಸಿ ನಾಳೆ ಇನ್ನೊಂದೂ ಹೋದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ಹುಲಿಗೆವ್ವ ಒಪ್ಪಿದರೆ ಮಾತ್ರ ಎಂದು ತೀರ್ಮಾನವಾಗಿ ಅವಳನ್ನು ಕರೆಸಿದರು. ಒಪ್ಪಲಾರಳು, ಅಲ್ಲಿಗೆ ಮುಗಿಯುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಅವಳು ಬಂದು ಕಂಬದ ಪಕ್ಕ ನಿಂತಳು.

“ಆರು ತಿಂಗಳಾತು ಚೆಂಡು ಉಳ್ಳಿಸಿ ಉಳ್ಳಿಸಿ ನನ್ನ ತೋಳು ಬಿದ್ದು ಹೋಗೈತ್ರಿ,” ಎಂದಳು. “ಈಗ ಮನ್ಯಾಗ ಕುಂದ್ರು ಅಂತ ನಾ ಅಂತೂ ಹೇಳಂಗಿಲ್ಲ. ನಿಮಗ ಧೈರ್ಯ ಇದ್ರ ನೀವ ಹೇಳ್ರಿ.”

ಪಂಚರಲ್ಲಿ ಯಾರಿಗೂ ಆ ಧೈರ್ಯ ಇರಲಿಲ್ಲ. ಮೊದಲ ಐದು ದಿನ ನಾವಿಬ್ಬರೂ ಎಡಪಕ್ಕಕ್ಕೆ ಎದುರುಬದುರಾಗಿ ಆಡುವುದು, ಐದನೇ ದಿನ ಗೌಡರು ಹೇಳಿದ್ದೇ ಕೊನೆ ಎಂದಾಯಿತು.

ಮೊದಲ ದಿನ ನೋಡಲಾಗಲಿಲ್ಲ. ಅವನು ಬಲಗೈಯನ್ನು ಕೆಳಗೆ ಹಿಡಿದು ಆಡುವವನು. ಎಡಪಕ್ಕದಲ್ಲಿ ಗೋಡೆಗುಂಟ ಬರುವ ಬಿಲ್ಲೆಯನ್ನು ಕೋಲಿನ ಬೆನ್ನಿನಿಂದ ಹಿಡಿಯಬೇಕಾಗುತ್ತಿತ್ತು. ಬಿಲ್ಲೆ ಚಿಮ್ಮಿ ಹೋಗುತ್ತಿತ್ತು, ಇವನು ಬೀಳುತ್ತಿದ್ದ. ಎರಡನೇ ದಿನ ಅವನು ಬಿಲ್ಲೆ ಹಿಡಿದು ನನ್ನೆದುರಿಗೆ ಬಂದಾಗ ನನ್ನ ಮನಸ್ಸು ತಡೆಯಲಿಲ್ಲ. ಬೇಕೆಂದೇ ಒಂದು ಹೆಜ್ಜೆ ತಡಮಾಡಿದೆ, ಅಷ್ಟೇ, ಯಾರಿಗೂ ಕಾಣದಷ್ಟು. ಅವನು ನನ್ನನ್ನು ದಾಟಿದ. ಬಾಗಿಲು ತೆರೆದಿತ್ತು, ಹೊಡೆದಿದ್ದರೆ ಗೋಲು. ಹೊಡೆಯಲಿಲ್ಲ. ಸುತ್ತು ಹಾಕಿ ಹಿಂದಕ್ಕೆ ಬಂದು ಬಿಲ್ಲೆಯನ್ನು ನನ್ನ ಕೋಲಿನ ಮುಂದೆ ಇಟ್ಟ.

“ಮತ್ತ ಮೊದಲಿಂದ,” ಎಂದ.

ಆಮೇಲೆ ನಾನು ತಡಮಾಡಲಿಲ್ಲ. ಆ ದಿನ ಮತ್ತು ಮರುದಿನ ಅವನನ್ನು ಹಲಗೆಗೆ ಒತ್ತಿದೆ, ಕೆಡವಿದೆ, ಅವನ ಕೋಲಿನಿಂದ ಬಿಲ್ಲೆ ಕಿತ್ತುಕೊಂಡೆ. ಮೂರನೇ ದಿನದ ಕೊನೆಗೆ ಗೌಡರು ಯಂಕೋಬನ ಹತ್ತಿರ ಹೋಗಿ ಸಾಕು ಮಾಡೋಣವೇ ಎಂದು ಕೇಳಿದರಂತೆ. ಇನ್ನೆರಡು ದಿನ ಇದೆ ಎಂದನಂತೆ.

ಅವನನ್ನು ಸೋಲಿಸುತ್ತಿದ್ದುದು ಯಾವುದು ಎಂದು ನನಗೆ ಗೊತ್ತಿತ್ತು. ಮುಂದಕ್ಕೆ ಓಡುವಾಗ ಗೋಡೆ ಎಡಗಡೆ ಇರುತ್ತಿತ್ತು, ಆಟವೆಲ್ಲ ಬಲಗಣ್ಣಿಗೆ ಕಾಣುತ್ತಿತ್ತು. ಬಿಲ್ಲೆ ಕೈತಪ್ಪಿ ತನ್ನ ಬಾಗಿಲ ಕಡೆಗೆ ತಿರುಗಿ ಓಡಬೇಕಾದಾಗ ಎಲ್ಲ ತಲೆಕೆಳಗು. ಗೋಡೆ ಬಲಕ್ಕೆ, ಆಟ ಕುರುಡು ಬದಿಗೆ. ನಾನು ಅಲ್ಲಿಂದಲೇ ಬರುತ್ತಿದ್ದೆ. ಏನೂ ಉಳಿಸಿಕೊಳ್ಳಬೇಡ ಎಂದಿದ್ದನಲ್ಲ, ಅದನ್ನೂ ಉಳಿಸಿಕೊಳ್ಳಲಿಲ್ಲ.

ನಾಲ್ಕನೇ ದಿನ ಬಿಲ್ಲೆ ಅವನ ಕೈತಪ್ಪಿತು. ಅವನು ತಿರುಗಲಿಲ್ಲ. ಮುಖ ಎದುರಾಳಿಗಳ ಕಡೆಗೇ ಇಟ್ಟುಕೊಂಡು, ಬೆನ್ನು ಮುಂದು ಮಾಡಿ, ಹಿಂದು ಹಿಂದಕ್ಕೆ ಜಾರತೊಡಗಿದ. ಬಾಗಿಲ ಮುಂದಿನ ಇಬ್ಬರು ಹಾಗೆ ಓಡುವುದುಂಟು, ನಾಲ್ಕು ಮಾರು ಐದು ಮಾರು. ಪಕ್ಕದವನೊಬ್ಬ ಇಡೀ ಅಂಗಳವನ್ನು ಹಿಮ್ಮುಖವಾಗಿ ಓಡಿದ್ದನ್ನು ಕೆರೆಯಲ್ಲಿ ಯಾರೂ ಕಂಡಿರಲಿಲ್ಲ. ಗೋಡೆ ಈಗಲೂ ಎಡಕ್ಕೇ ಇತ್ತು, ಆಟ ಬಲಕ್ಕೇ ಇತ್ತು. ಅವನು ಎಲ್ಲವನ್ನೂ ನೋಡುತ್ತಿದ್ದ, ನನ್ನನ್ನೂ. ಅವತ್ತು ಎಂಟು ಸಲ ಬಿದ್ದ. ಎಂಟು ಸಲವೂ ಹಿಮ್ಮುಖವಾಗಿಯೇ. ಐದನೇ ದಿನ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಉಸಿರು ಕಟ್ಟಿತ್ತು. ಗೋಡೆಗೂ ನನಗೂ ನಡುವೆ ಒಂದು ಗೇಣು ಬಿಟ್ಟಿದ್ದೆ ಅನ್ನಿಸುತ್ತದೆ. ಬಿಟ್ಟದ್ದಲ್ಲ, ತಪ್ಪಿದ್ದು. ಅವನು ಎಡಭುಜದಿಂದ ಹಲಗೆಯನ್ನು ಉಜ್ಜುತ್ತಲೇ ಒಳಹೊಕ್ಕು ಆಚೆ ಹೋಗಿ ಹೊಡೆದ. ಎಡಪಕ್ಕದಲ್ಲಿ ಅವನ ಕೋಲು ಅಂಗಳದ ನಡುವಿಗೆ ತೆರೆದುಕೊಳ್ಳುತ್ತಿತ್ತು. ಬಲಪಕ್ಕದಲ್ಲಿ ಎಂದೂ ಸಿಗದಿದ್ದ ಬೀಸು ಇಲ್ಲಿ ಸಿಕ್ಕಿತು. ಅಂಥದ್ದೇ ಇನ್ನೆರಡು ಹೊಡೆದ.

ಗೌಡರು ಅವನ ಹೆಸರು ಹೇಳಿದರು.

ಅವನ ಕಣ್ಣು ಕಳೆದ ನನಗೆ ಅವತ್ತು ಸಮಾಧಾನವಾಗಬೇಕಿತ್ತು ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆಗಿದ್ದು ಸಿಟ್ಟು. ಮನೆಗೆ ಬಂದು ಊಟ ಬೇಡವೆಂದು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಎಂಟು ಬೇಸಿಗೆ ದುಡಿದ ನನ್ನ ಜಾಗ ಹೋಗಿತ್ತು, ಕಿತ್ತುಕೊಂಡವನು ಯಂಕೋಬ. ಒಂದು ವರ್ಷದಿಂದ ಅವನ ಮುಖ ನೋಡಿದರೆ ನನ್ನ ತಲೆ ತಾನಾಗಿ ಬಗ್ಗುತ್ತಿತ್ತು. ಮರುದಿನ ಎದುರಿಗೆ ಸಿಕ್ಕಾಗ ಬಗ್ಗಲಿಲ್ಲ, ನೆಟ್ಟಗೆ ನೋಡಿದೆ. ಅವನೂ ನೋಡಿದ. ಆಮೇಲೆ ನಕ್ಕ, ಸಣ್ಣಗೆ.

ಆ ಬೇಸಿಗೆ ನಾನು ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತೆ, ಯಾರಿಗಾದರೂ ದಣಿವಾದಾಗ ಎರಡು ನಿಮಿಷ ಇಳಿದೆ. ಮಳೆ ಶುರುವಾದ ಮೇಲೆ ಯಂಕೋಬ ಬಟ್ಟೆಯ ಚೆಂಡು ತೆಗೆದುಕೊಂಡು ನಮ್ಮ ಮನೆಗೆ ಬಂದ. ದ್ಯಾಮಣ್ಣ ಬಲಕ್ಕೆ ತಿರುಗುವಾಗ ತಲೆ ತಗ್ಗಿಸುತ್ತಾನೆ, ಅದೇ ಅವನ ಲೋಪ ಎಂದ. ಬಲಪಕ್ಕ ಯಂಕೋಬ ಒಂಬತ್ತು ಬೇಸಿಗೆ ಆಡಿದ ಜಾಗ. ಅದರ ಒಂದೊಂದು ಹಲಗೆಯ ಗುಣ ಅವನಿಗೆ ಗೊತ್ತಿತ್ತು, ಯಾವುದು ಬಿಲ್ಲೆಯನ್ನು ಚಿಮ್ಮಿಸುತ್ತದೆ, ಯಾವುದು ನುಂಗುತ್ತದೆ. ಆ ಒಂಬತ್ತು ತಿಂಗಳು ಚೆಂಡು ಉರುಳಿಸುವ ಕೆಲಸ ಅವನದು, ತಡೆಯುವ ಕೆಲಸ ನನ್ನದು. ಮುಂದಿನ ಬೇಸಿಗೆ ನಾನು ದ್ಯಾಮಣ್ಣನೆದುರು ಆಡಿ ಬಲಪಕ್ಕ ತೆಗೆದುಕೊಂಡೆ.

ಹೀಗೆ ನಾವಿಬ್ಬರೂ ಬದಿ ಬದಲಿಸಿಕೊಂಡು ಮತ್ತೆ ಒಂದೇ ಸಾಲಿನಲ್ಲಿ ನಿಂತೆವು. ಅವನ ಹಿಮ್ಮುಖದ ಓಟವನ್ನು ನೋಡಲೆಂದೇ ಆಚೆ ಊರುಗಳಿಂದ ಜನ ಲಾರಿಯಲ್ಲಿ ಬರುತ್ತಿದ್ದರು. ಎದುರಿನ ತಂಡಗಳೂ ಸುಮ್ಮನಿರಲಿಲ್ಲ. ಅವನನ್ನು ಗೋಡೆಯಿಂದ ಬಿಡಿಸಿ ನಡುವಿಗೆ ಎಳೆದರೆ ಎಡಗಡೆ ಕತ್ತಲು ಎಂಬುದನ್ನು ಬಡಗಣ ದಂಡೆಯವರು ಕಂಡುಕೊಂಡರು. ಅವನು ಗೋಡೆ ಬಿಡುತ್ತಿರಲಿಲ್ಲ. ಬಿಟ್ಟದ್ದು ಒಂದೇ ಸಲ, ಅವನ ಹದಿಮೂರನೇ ಬೇಸಿಗೆಯ ಕೊನೆಯ ಪಂದ್ಯದಲ್ಲಿ. ಎರಡೂ ಕಡೆ ಸಮ, ಆಕಾಶದಲ್ಲಿ ಮೋಡ ಕೂಡುತ್ತಿತ್ತು, ಗಡ್ಡೆ ಅಲ್ಲಲ್ಲಿ ಬೆವರುತ್ತಿತ್ತು. ಬಿಲ್ಲೆ ನಡುವಿನಲ್ಲಿ ಒಂಟಿಯಾಗಿ ಬಿದ್ದಿತ್ತು, ಹತ್ತಿರ ನಮ್ಮವರು ಯಾರೂ ಇರಲಿಲ್ಲ. ಯಂಕೋಬ ಗೋಡೆ ಬಿಟ್ಟು ಬಂದ. ಅವನ ಎಡಗಡೆಯಿಂದ ಬಡಗಣದ ದೈತ್ಯನೊಬ್ಬ ಬರುತ್ತಿದ್ದುದನ್ನು ನಾನು ಕಂಡು ಕೂಗಿದೆ, ತಡವಾಗಿತ್ತು. ಅವನು ಏಟು ತಿಂದು ಬೀಳುತ್ತ, ಬಿದ್ದ ಮೇಲೂ ಜಾರುತ್ತ, ಕೋಲನ್ನು ಚಾಚಿ ಬಿಲ್ಲೆಯನ್ನು ನನ್ನ ಕಡೆ ತಳ್ಳಿದ. ನಾನು ಹೊಡೆದೆ. ಗೆದ್ದೆವು. ಅವನ ಹೆಗಲಿನ ಮೂಳೆ ಮುರಿದಿತ್ತು. ಹೊತ್ತುಕೊಂಡು ಹೋಗುವಾಗ, ನಾನು ಕೂಗಿದ್ದು ಕೇಳಲಿಲ್ಲವೇ ಎಂದು ಬೈದೆ.

“ಬರ್ತಾನ ಅಂತ ಗೊತ್ತಿತ್ತೋ,” ಎಂದ. “ಕಾಣಲಿಲ್ಲ, ಅಷ್ಟ.”

ಮೂಳೆ ಕೂಡಿತು. ಮರುವರ್ಷ ಇಳಿದ, ಅದರ ಮರುವರ್ಷವೂ. ಎಡಪಕ್ಕದಲ್ಲಿ ಒಟ್ಟು ಎಂಟು ಬೇಸಿಗೆ. ಪ್ರತಿ ಬೇಸಿಗೆಯ ಮೊದಲ ವಾರ, ಜಾಗ ಬೇಕೆಂದವರು ಬಂದು ಎದುರಿಗೆ ನಿಲ್ಲಬಹುದು ಎಂದು ತಾನೇ ಸಾರುತ್ತಿದ್ದ. ಬಂದರು. ಸೋತು ಹೋದರು. ಇಷ್ಟಾದರೂ ನಮ್ಮ ತಂಡದ ಪ್ರತಿ ಸೋಲಿನ ಹಿಂದೆ, ಬಿಲ್ಲೆ ತಪ್ಪಿದ ಪ್ರತಿ ಸಲದ ಹಿಂದೆ, ದಂಡೆಯ ಮೇಲೆ ಒಂದು ಪಿಸುಮಾತು ಇದ್ದೇ ಇರುತ್ತಿತ್ತು: ಪಾಪ, ಕಣ್ಣಿಲ್ಲವಲ್ಲ. ಅವನಿಗೆ ಕೇಳಿಸುತ್ತಿತ್ತು. ಒಂದು ಸಲವೂ ಅವನು ಆ ನೆಪ ಹೇಳಲಿಲ್ಲ, ಬೇರೆಯವರಿಗೆ ಹೇಳಲೂ ಬಿಡುತ್ತಿರಲಿಲ್ಲ.

ಅವನ ಹದಿನೆಂಟನೇ ಬೇಸಿಗೆ, ತೆಂಕಣ ದಂಡೆಯವರ ಮೇಲೆ ಎರಡನೇ ಪಂದ್ಯ. ಅರ್ಧ ಆಟ ಮುಗಿದು ವಿರಾಮ. ಯಂಕೋಬ ಕಟ್ಟೆಯ ಮೇಲೆ ಕುಳಿತು ಬೂಟಿನ ದಾರ ಬಿಚ್ಚತೊಡಗಿದ. ದಾರ ಬಿಗಿ ಮಾಡುತ್ತಿದ್ದಾನೆ ಎಂದುಕೊಂಡೆ. ಎರಡೂ ಬೂಟು ಕಳಚಿ ಪಕ್ಕಕ್ಕಿಟ್ಟು ಬರಿಗಾಲನ್ನು ಬಿಸಿಲಿಗೆ ಚಾಚಿದ. ಆ ಅರ್ಧದಲ್ಲಿ ತೆಂಕಣದ ಪಕ್ಕದವನೊಬ್ಬ ಅವನನ್ನು ಮೂರು ಸಲ ದಾಟಿ ಹೋಗಿದ್ದ, ಮೂರು ಸಲವೂ ಬಲಗಡೆಯಿಂದ, ಕಾಣುವ ಬದಿಯಿಂದಲೇ. ನಾನು ಹತ್ತಿರ ಹೋದೆ.

“ಏನಾತು? ಕಣ್ಣ?” ಎಂದು ಕೇಳಿದೆ. ಅಷ್ಟು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವನು ಮುಖಜಾಲ ತೆಗೆದ. ಮುಖವೆಲ್ಲ ನಗು. ಅಂಥ ನಗುವನ್ನು ಅವನು ಗೋಲು ಹೊಡೆದಾಗಲೂ ನಕ್ಕಿರಲಿಲ್ಲ.

“ಕಣ್ಣಲ್ಲೋ ಮಾಬು, ಕಾಲು,” ಎಂದ. “ಬರಾಂವ ಕಾಣ್ತಾನ. ಚೊಲೋತ್ನಾಗ ಕಾಣ್ತಾನ. ಕಾಲ ಏಳವಲ್ಲವು. ಎಲ್ಲಾರಿಗೂ ಹ್ವಾದಂಗ ನನಗೂ ಕಾಲ ಹ್ವಾದವು.”

ಎರಡನೇ ಅರ್ಧಕ್ಕೆ ಗಂಟೆ ಬಾರಿಸಿದರು. ಅವನು ಎದ್ದು, ಬೂಟುಗಳನ್ನು ದಾರದಿಂದ ಒಂದಕ್ಕೊಂದು ಕಟ್ಟಿ ಹೆಗಲಿಗೆ ಹಾಕಿಕೊಂಡ. ನನ್ನ ಬೆನ್ನಿಗೆ ಅಂಗೈಯಿಂದ ಒಂದು ಏಟು ಕೊಟ್ಟು ಗಡ್ಡೆಯ ಕಡೆ ದೂಡಿದ. ನಾನು ಇಳಿದು ನನ್ನ ಜಾಗದಲ್ಲಿ ನಿಂತು ತಿರುಗಿ ನೋಡಿದಾಗ ಅವನು ದಂಡೆ ಏರುತ್ತಿದ್ದ, ಸುಡುವ ನೆಲದ ಮೇಲೆ ಬರಿಗಾಲಿನಲ್ಲಿ, ದಾರಿಯ ನಟ್ಟನಡುವೆ.